‘ಲಿಂಗಪೂಜೆಗೆ ಪುರುಸೊತ್ತಿಲ್ಲ’ ಅನ್ನುವವರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಹೋದ ಸಲವೂ ಅದೇ ಇತ್ತು. ಹಾಗಾಗಿ ಜಾಗದ ಬಹುಪಾಲನ್ನು ಅದಕ್ಕೇ ಕೊಡುತ್ತಿದ್ದೇನೆ. ಕೊರಳಲ್ಲಿ ಧರಿಸುವ ಇಷ್ಟಲಿಂಗ ಅಂದರೇನು, ಯಾಕೆ ಕಟ್ಟಿಕೊಳ್ಳಬೇಕು ಎಂಬುದನ್ನು ಬರೆಯುವುದಿಲ್ಲ. ದೀಕ್ಷೆ ಆದವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ಶರಣಾರ್ಥಿ. ದೀಕ್ಷೆಯಾಗಿ ಹನ್ನೆರಡು ವರ್ಷ ಆಯ್ತು. ಬೆಳಗ್ಗೆ ಏಳಕ್ಕೆ ಕಂಪನಿ ಕ್ಯಾಬ್ ಬರುತ್ತದೆ, ರಾತ್ರಿ ಮನೆ ಸೇರುವಾಗ ಹತ್ತು. ಪೂಜೆಗೆ ಒಂದು ಗಂಟೆಯಾದರೂ ಬೇಕು, ಸಿಗುತ್ತಿಲ್ಲ. ಕಾಯಕವೇ ಕೈಲಾಸ ಅಂತ ಬಸವಣ್ಣನವರೇ ಹೇಳಿದ್ದಾರಲ್ಲ, ಪೂಜೆ ಬಿಟ್ಟರೆ ನಡೆಯುತ್ತದಾ?

ಉತ್ತರ: ಒಂದು ಗಂಟೆ ಬೇಕು ಅಂತ ನಿಮಗೆ ಹೇಳಿದವರು ಯಾರು? ಬೆಳ್ಳಿ ತಟ್ಟೆ, ಐದು ಬಗೆ ಹೂವು, ಎರಡು ಜೊತೆ ದೀಪ, ಮೇಲೆ ಮೊಬೈಲಿನಲ್ಲಿ ಅರ್ಧ ಗಂಟೆಯ ಮಂತ್ರ. ಇಷ್ಟೆಲ್ಲ ಹೊಂದಿಸುತ್ತಾ ಕೂತರೆ ಒಂದು ಗಂಟೆಯೂ ಸಾಲದು. ದೇವರು ಕೊರಳಲ್ಲೇ ಇದ್ದಾನೆ. ಗುಡಿಗೆ ಹೋಗಬೇಕಿಲ್ಲ, ಪೂಜಾರಿಗೆ ಕಾಯಬೇಕಿಲ್ಲ. ಇಷ್ಟು ಸಲೀಸಾಗಿ ಶರಣರು ಕೈಗೆ ಕೊಟ್ಟದ್ದನ್ನು ನಾವೇ ಮದುವೆ ಮನೆ ಮಾಡಿಕೊಂಡಿದ್ದೇವೆ.

ನಾನು ಕಲಿಸುವುದು ಹದಿನೈದು ನಿಮಿಷದ ಪೂಜೆ. ಸ್ನಾನ ಮುಗಿಸಿ, ಟವೆಲ್ ಒಣಹಾಕಿ, ನೇರ ಬಂದು ಕೂರಿ. ಮೂರು ಬೆರಳಲ್ಲಿ ವಿಭೂತಿ. ಲಿಂಗವಸ್ತ್ರ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಳ್ಳಿ. ಒಂದು ಉದ್ಧರಣೆ ನೀರು, ಒಂದು ಪತ್ರೆ. ಪತ್ರೆ ಇಲ್ಲದಿದ್ದರೆ ಇಲ್ಲ. ಆಮೇಲೆ ನೋಡುವುದು, ಅಷ್ಟೇ. ದೀಪ ಅಥವಾ ಕಿಟಕಿಯ ಬೆಳಕು ಲಿಂಗದ ಕಪ್ಪು ಮೈ ಮೇಲೆ ಸಾಸಿವೆ ಕಾಳಿನಷ್ಟು ಹೊಳೆಯುತ್ತದೆ. ಕಣ್ಣು ಅಲ್ಲಿರಲಿ, ನಾಲಿಗೆಯಲ್ಲಿ ಓಂ ನಮಃ ಶಿವಾಯ. ಐದು ನಿಮಿಷಕ್ಕೆ ಕೈ ಸೋತು ಆ ಹೊಳಪು ನಡುಗಲು ಶುರುವಾಗುತ್ತದೆ. ತೊಡೆಯ ಮೇಲೆ ದಿಂಬಿಟ್ಟು ಮೊಣಕೈ ಊರಿಕೊಳ್ಳಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಅರ್ಧಕ್ಕರ್ಧ ಜನ ಪೂಜೆ ಬಿಡುವುದು ಕೈನೋವಿಗೇ ಅಂತ ನನ್ನ ಅನುಮಾನ.

ಹೊತ್ತು ಹುಡುಕಬೇಡಿ. ಸ್ನಾನ ಹೇಗಿದ್ದರೂ ಮಾಡುತ್ತೀರಿ, ಅದರ ಬಾಲಕ್ಕೆ ಪೂಜೆ ಕಟ್ಟಿ. ಸ್ನಾನಕ್ಕೂ ಪೂಜೆಗೂ ನಡುವೆ ಮೊಬೈಲ್ ಮುಟ್ಟಿದಿರೋ, ಆ ದಿನದ ಪೂಜೆ ಹೋಯಿತು. ಇದು ನನ್ನದೇ ಅನುಭವ, ಎಷ್ಟೋ ಸಲ ಕೆಟ್ಟಿದ್ದೇನೆ. ಕ್ಯಾಬಿನಲ್ಲಿ ಕೂತು ಮಾಡುತ್ತೇನೆ ಅನ್ನಬೇಡಿ. ಒಂದು ಬ್ರೇಕ್ ಬಿದ್ದರೆ ಲಿಂಗ ಸೀಟಿನ ಕೆಳಗೆ ಇರುತ್ತದೆ.

ಇನ್ನು ನಿಮ್ಮ ಕಾಯಕದ ಮಾತು. ಆ ಸಾಲು ಇರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಬಸವಣ್ಣನವರ ಹೆಸರು ಹಾಕಿ ಗೋಡೆ ಮೇಲೆ ಬರೆಸುವವರು ಇದನ್ನು ಗಮನಿಸಿದರೆ ಒಳ್ಳೆಯದು. ಕಾಯಕದಲ್ಲಿ ನಿರತನಾದರೆ ಲಿಂಗಪೂಜೆಯನ್ನೂ ಮರೆಯಬೇಕು ಅಂತ ಮಾರಯ್ಯನವರು ಹೇಳಿದ್ದು ನಿಜ. ಆದರೆ ಹೇಳಿದವರು ಯಾರು ನೋಡಿ. 12ನೇ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ರೂಢಿಗಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಏನು ಮಾಡಿದರು? ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ ಅಂತ ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬನ್ನಿ ಅಂದರು. ಆ ಮನೆಯಲ್ಲಿ ಕಾಯಕಕ್ಕೆ ಒಂದು ಅಳತೆ ಇತ್ತು. ಎರಡನೇ ಸೈಟಿನ ಇಎಂಐಗೆ ಓವರ್‌ಟೈಮ್ ಮಾಡುವವರು ಮಾರಯ್ಯನವರ ಮಾತನ್ನು ಅಡ್ಡ ಹಿಡಿಯುವುದು ಯಾಕೋ ಸರಿ ಕಾಣುವುದಿಲ್ಲ. ನಿಮಗೆ ಸೈಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ರಾತ್ರಿ ಹತ್ತರವರೆಗಿನ ಆ ದುಡಿಮೆಯಲ್ಲಿ ಹೊಟ್ಟೆಯ ಅಕ್ಕಿ ಎಷ್ಟು, ಹೆಚ್ಚಿನ ಅಕ್ಕಿ ಎಷ್ಟು ಅಂತ ಮನೆಯವರನ್ನು ಕೂರಿಸಿಕೊಂಡು ಒಮ್ಮೆ ಲೆಕ್ಕ ಹಾಕಿ. ಎಲ್ಲವೂ ಹೊಟ್ಟೆಯದೇ ಆದರೆ, ಆ ಹದಿನೈದು ನಿಮಿಷವನ್ನೂ ಐದಕ್ಕೆ ಇಳಿಸಿ. ನನ್ನ ತಕರಾರಿಲ್ಲ.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ನಿಲ್ಲಿಸಬೇಕಾ? ಅತ್ತೆ ಬೇಡ ಅನ್ನುತ್ತಾರೆ.

ಉತ್ತರ: ನಿಲ್ಲಿಸಬೇಡಿ. ಲಿಂಗಧಾರಿಗೆ ಸೂತಕ ಇಲ್ಲ ಅಂತ ಶರಣರು ಆಗಲೇ ಹೇಳಿ ಮುಗಿಸಿದ್ದಾರೆ.

ಪ್ರಶ್ನೆ: ಲಿಂಗ ಕೈ ಜಾರಿ ಬಿದ್ದು ಅದರ ಮೇಲಿನ ಕಪ್ಪು ಲೇಪ ಸ್ವಲ್ಪ ಎದ್ದಿದೆ. ದೋಷ ಪರಿಹಾರಕ್ಕೆ ಒಬ್ಬರು ಹನ್ನೊಂದು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಆ ದುಡ್ಡಲ್ಲಿ ಮಕ್ಕಳ ಫೀಸ್ ಕಟ್ಟಿ. ಬಿದ್ದದ್ದಕ್ಕೆ ಮನೆಗೆ ಕೇಡು ಅಂತ ಹೆದರಿಸುವವನು ಗುರುವಲ್ಲ, ವ್ಯಾಪಾರಿ. ದೀಕ್ಷೆ ಕೊಟ್ಟ ಗುರುಗಳಿಗೆ ಲಿಂಗವನ್ನು ತೋರಿಸಿ, ಅವರು ಹೇಳಿದಂತೆ ಮಾಡಿ. ಅಲ್ಲಿಯವರೆಗೆ ಸೋಪು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ.

ಪ್ರಶ್ನೆ: ಲಿಂಗವನ್ನು ದಿಟ್ಟಿಸಿದರೆ ಕನ್ನಡಕ ಹೋಗುತ್ತದಂತೆ, ನಿಜವಾ?

ಉತ್ತರ: ನಾನು ಕನ್ನಡಕ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ರೆಪ್ಪೆ ಬಡಿಯದೆ ಕೂರುವ ಪಂತವೂ ಬೇಡ.

ಪ್ರಶ್ನೆ: ನೈಟ್ ಶಿಫ್ಟ್ ಮುಗಿಸಿ ಬೆಳಗ್ಗೆ ಎಂಟಕ್ಕೆ ಬರುತ್ತೇನೆ. ಎಷ್ಟು ಹೊತ್ತಿಗೆ ಪೂಜೆ ಮಾಡಲಿ?

ಉತ್ತರ: ಎಂಟೂವರೆಗೆ.