ಪ್ರತಿಕ್ರಿಯೆ: ಓಪನ್‌ಹ್ಯಾಬ್ 4ರ ಬೈಂಡಿಂಗ್ ಬಿಲ್ಡ್ ಆಗ್ತಿಲ್ಲ

ಮನೆಯ ಸಾಧನಗಳನ್ನು ನಿಯಂತ್ರಿಸುವ ತಂತ್ರಾಂಶ ಓಪನ್‌ಹ್ಯಾಬ್‌ನ ಆರ್‌ಎಫ್‌ಎಕ್ಸ್‌ಕಾಮ್ ಬೈಂಡಿಂಗ್‌ನಲ್ಲಿ (ರೇಡಿಯೊ ಸಾಧನಗಳನ್ನು ಅದಕ್ಕೆ ಜೋಡಿಸುವ ಆಡ್‌ಆನ್) ಒಂದು ಸಾಲು ಬದಲಿಸಿದ್ದೀರಿ, ಬಿಲ್ಡ್ ಮಾಡಿದರೆ ‘17ಕ್ಕೆ ಬೆಂಬಲವಿಲ್ಲ’ ಅಂತ ನಿಲ್ಲುತ್ತಿದೆ ಅಂದಿರಿ. ಓಪನ್‌ಹ್ಯಾಬ್ 4ಕ್ಕೆ ಜೆಡಿಕೆ (ಜಾವಾ ಕೋಡ್ ಬಿಲ್ಡ್ ಮಾಡುವ ಕಿಟ್) 17 ಬೇಕು (5ಕ್ಕಾದರೆ 21). ಟರ್ಮಿನಲ್‌ನಲ್ಲಿ ಜಾವಾ ಆವೃತ್ತಿ ನೋಡಿದರೆ ಸಾಲದು. ಬಿಲ್ಡ್ ಮಾಡುವ ಸಾಧನ ಮೇವನ್ ತನ್ನ ಆವೃತ್ತಿಯ ಜೊತೆ ಯಾವ ಜಾವಾ ತೋರಿಸುತ್ತದೆ ನೋಡಿ. ಜಾವಾ ಹೋಮ್ (ಯಾವ ಜಾವಾ ಬಳಸಬೇಕೆಂದು ಹೇಳುವ ಸೆಟ್ಟಿಂಗ್) ಹಳೆಯದಕ್ಕೆ ಕೈತೋರಿಸುತ್ತಿದ್ದರೆ ಇದೇ ದೋಷ.

ದಯವಿಟ್ಟು ಇಡೀ ಆಡ್‌ಆನ್ಸ್ ರೆಪೊ (ಕೋಡ್ ಭಂಡಾರ) ಬಿಲ್ಡ್ ಮಾಡಬೇಡಿ, ಅದರಲ್ಲಿ ನೂರಾರು ಬೈಂಡಿಂಗ್‌ಗಳಿವೆ. ಮೇವನ್‌ನ ‘ಪಿಎಲ್’ ಆಯ್ಕೆಗೆ, ಮುಂದೆ ಕೋಲನ್ ಇಟ್ಟು, ನಿಮ್ಮ ಬೈಂಡಿಂಗ್‌ನ ಹೆಸರು ಮಾತ್ರ ಕೊಡಿ. ಬಿಲ್ಡ್ ವೇಳೆ ಕೋಡ್ ಪರೀಕ್ಷಿಸುವ ಸ್ಪಾಟ್‌ಲೆಸ್ ತಕರಾರು ತೆಗೆದರೆ ಅದು ಕೋಡ್ ಜೋಡಣೆಯ (ಸಾಲು, ಅಂತರಗಳ) ತಪ್ಪಷ್ಟೇ. ‘ಸ್ಪಾಟ್‌ಲೆಸ್ ಅಪ್ಲೈ’ ಓಡಿಸಿದರೆ ತಾನೇ ಸರಿಮಾಡುತ್ತದೆ.

ಬ್ರಾಂಚ್ (ರೆಪೊದಲ್ಲಿ ಕೋಡಿನ ಬೇರೆ ಬೇರೆ ಶಾಖೆ) ಬಗ್ಗೆ ಮಾತ್ರ ಎಚ್ಚರ. ಮನೆಯಲ್ಲಿ ಓಪನ್‌ಹ್ಯಾಬ್ 4.3 ಓಡುತ್ತಿದ್ದರೆ 4.3ರ ಬ್ರಾಂಚನ್ನೇ ತೆಗೆದುಕೊಳ್ಳಿ. ಮೇನ್ ಬ್ರಾಂಚಿನ ಜಾರ್ (ಬಿಲ್ಡ್‌ನಿಂದ ಬರುವ ಫೈಲ್) ಬಿಲ್ಡ್ ಆದರೂ ಶುರುವಾಗದೆ ಇರಬಹುದು.

ಮೊದಲು ಅಧಿಕೃತ ಬೈಂಡಿಂಗ್ ತೆಗೆದುಹಾಕಿ, ಆಮೇಲೆ ಟಾರ್ಗೆಟ್ ಫೋಲ್ಡರಿನ ಜಾರನ್ನು ಆಡ್‌ಆನ್ಸ್ ಫೋಲ್ಡರಿಗೆ ಹಾಕಿ. ಹೀಗೆ ಹಾಕಿದ ಜಾರ್ ತನಗೆ ಬೇಕಾದ ಸೀರಿಯಲ್ ಟ್ರಾನ್ಸ್‌ಪೋರ್ಟನ್ನು (ಸೀರಿಯಲ್ ಪೋರ್ಟ್ ಮೂಲಕ ಸಾಧನದ ಜೊತೆ ಮಾತಾಡುವ ಭಾಗ) ತಾನಾಗಿ ತರುವುದಿಲ್ಲ, ಓಪನ್‌ಹ್ಯಾಬ್‌ಗೆ ಆಜ್ಞೆ ಕೊಡುವ ಕರಾಫ್ ಕನ್ಸೋಲಿನಲ್ಲಿ ಆ ಫೀಚರನ್ನು ನೀವೇ ಇನ್‌ಸ್ಟಾಲ್ ಮಾಡಬೇಕು. ಅದೇ ಕನ್ಸೋಲಿನ ಬಂಡಲ್ (ಸೇರಿಸಿದ ಜಾರ್‌ಗಳ) ಪಟ್ಟಿಯಲ್ಲಿ ನಿಮ್ಮ ಬೈಂಡಿಂಗ್ ‘ಆಕ್ಟಿವ್’ ಬದಲು ‘ಇನ್‌ಸ್ಟಾಲ್ಡ್’ ಅಂತಲೇ ಉಳಿದರೆ ‘ಬಂಡಲ್ ಡಯಾಗ್’ ಕೊಡಿ. ಯಾವ ಪ್ಯಾಕೇಜ್ ಸಿಗುತ್ತಿಲ್ಲ ಅಂತ ಹೆಸರು ಹೇಳಿ ತೋರಿಸುತ್ತದೆ.