ಸಿಕೆ 4200, ಎಸ್‌ಜಿಒಟಿ ಜಾಸ್ತಿ: ಲಿವರ್‌ಗೆ ಏಟಾಯ್ತಾ?

ಪುಣೆ ಹತ್ತಿರದ ಕಾತ್ರಜ್ ಘಾಟಿಯಲ್ಲಿ ಬೈಕಿಂದ ಬಿದ್ದ ತಮ್ಮನ ರಕ್ತದ ರಿಪೋರ್ಟ್ ನೋಡಿ ಗಾಬರಿಯಾಗಿದ್ದೀರಿ, ಅಲ್ವಾ? ಎಸ್‌ಜಿಒಟಿ ಅನ್ನೋ ಎನ್ಜೈಮ್ ಬರೀ ಲಿವರ್‌ನದ್ದಲ್ಲ, ಸ್ನಾಯುವಿನಲ್ಲೂ ಇರುತ್ತದೆ, ತೊಡೆ ಜಜ್ಜಿದಾಗ ಸಿಕೆ (ಕ್ರಿಯಾಟಿನ್ ಕೈನೇಸ್ ಅನ್ನೋ ಸ್ನಾಯುವಿನ ಎನ್ಜೈಮ್) ಜೊತೆ ಅದೂ ರಕ್ತಕ್ಕೆ ಸೋರುತ್ತದೆ. ಹೊಟ್ಟೆ ನೋವಿದ್ದರೆ ಮಾತ್ರ ಸುಮ್ನೆ ಕೂರಬೇಡಿ, ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಿ. ಸಿಕೆ ಸಾಮಾನ್ಯವಾಗಿ 1ರಿಂದ 3 ದಿನದೊಳಗೆ ತುದಿ ಮುಟ್ಟಿ, ಆಮೇಲೆ ದಿನಕ್ಕೆ ಹೆಚ್ಚುಕಮ್ಮಿ ಅರ್ಧ ಇಳಿಯುತ್ತದೆ, ಹಾಗಾಗಿ ಇವತ್ತಿನ 4200ಕ್ಕಿಂತ ನಾಳೆಯ ಅಂಕಿ ಮುಖ್ಯ. ರಿಪೋರ್ಟಲ್ಲಿ ಸಿಆರ್‌ಪಿ ಅಂತ ಇದ್ದರೆ, ಅದು ಇವೆರಡರ ಹಾಗೆ ಎನ್ಜೈಮ್ ಅಲ್ಲ, ಉರಿಯೂತ ತೋರಿಸುವ ಪ್ರೋಟೀನ್. ಸಿಆರ್‌ಪಿ ಇಳಿದು ಮತ್ತೆ ಏರಿದರೆ ಸೋಂಕಿನ ಅನುಮಾನ ಪಡಬೇಕು. ಮುಂಬೈ ಪಕ್ಕದ ಠಾಣೆ ಊರಲ್ಲಿ ನಮ್ಮಣ್ಣ ಬಿದ್ದಾಗ ನಾವು ರಿಪೋರ್ಟಿಗಿಂತ ಜಾಸ್ತಿ ನೋಡುತ್ತಿದ್ದದ್ದು ಮೂತ್ರದ ಬಣ್ಣವನ್ನೇ! ಹಾಲಿಲ್ಲದ ಚಹಾದ ಹಾಗೆ ಕಂದಾದರೆ ಕಿಡ್ನಿಗೆ ಅಪಾಯ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.