ಅಂಕ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ: ಇದರಲ್ಲಿ ಶಿಕ್ಷಕರ ಪಾಲೆಷ್ಟು?

ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ, ಇಂಗ್ಲಿಷ್‌ನಲ್ಲಿ ಒಳ್ಳೆಯ ಅಂಕ, ಆದರೆ ಸ್ವಂತವಾಗಿ ನಾಲ್ಕು ವಾಕ್ಯ ಬರೆಯಲಾರಳು, ಇದಕ್ಕೆ ಶಿಕ್ಷಕರು ಎಷ್ಟು ಕಾರಣ ಎಂದು ಕೇಳಿದ್ದೀರಿ. ಬಹಳಷ್ಟು. ಆದರೆ ಅದನ್ನು ಅವರ ಉಚ್ಚಾರಣೆಯಲ್ಲಿ ಹುಡುಕಬೇಡಿ. ಸೊಗಸಾದ ಇಂಗ್ಲಿಷ್ ಇದ್ದವರೂ ನಲವತ್ತು ನಿಮಿಷ ತಾವೇ ಮಾತಾಡಿ ಹೋದರೆ ಮಕ್ಕಳಿಗೆ ದಕ್ಕುವುದು ಕಡಿಮೆ.

ತಮ್ಮ ಇಂಗ್ಲಿಷ್ ಬಗ್ಗೆ ಧೈರ್ಯವಿಲ್ಲದ ಶಿಕ್ಷಕರು ಪಾಠವನ್ನು ಸಾಲು ಸಾಲಾಗಿ ಕನ್ನಡಕ್ಕೆ ಹೇಳಿ, ಪ್ರಶ್ನೋತ್ತರವನ್ನು ಬೋರ್ಡಿನ ಮೇಲೆ ಬರೆದುಕೊಡುತ್ತಾರೆ. ಮಗು ಬೇರೆ ಮಾತಿನಲ್ಲಿ ಬರೆದರೆ ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಅವರಿಗೆ ಕಷ್ಟ. ಹಾಗಾಗಿ ಸ್ವಂತ ವಾಕ್ಯಕ್ಕೆ ಕೆಂಪು ಗೆರೆ, ಬಾಯಿಪಾಠಕ್ಕೆ ಪೂರ್ತಿ ಅಂಕ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷ್‌ಗೆ ಬರಹದ ಪರೀಕ್ಷೆ 80 ಅಂಕ, ಆಂತರಿಕ ಮೌಲ್ಯಮಾಪನ 20. ಇಷ್ಟರಲ್ಲಿ ಪಾಸಾಗಲು ಬಾಯಿಪಾಠ ಸಾಕಾಗಬಹುದು, ಪತ್ರ ಅಥವಾ ಮೊದಲು ಓದಿರದ ಗದ್ಯ ಬಂದ ಕಡೆ ಕೈ ನಿಲ್ಲುತ್ತದೆ.

ನನ್ನ ಲೆಕ್ಕದಲ್ಲಿ ಮುಖ್ಯ ಸಾಮರ್ಥ್ಯ ಎಂದರೆ ಕನ್ನಡದ ಮಗು ಎಲ್ಲಿ ಎಡವುತ್ತದೆ ಎಂದು ಮೊದಲೇ ತಿಳಿದಿರುವುದು. ‘ಅವನು ನನ್ನ ಅಣ್ಣ’ ಎಂಬಲ್ಲಿ ಕ್ರಿಯಾಪದವೇ ಇಲ್ಲ, ಅದಕ್ಕೇ ಮಗು ‘ಹೀ ಮೈ ಬ್ರದರ್’ ಎನ್ನುತ್ತದೆ. ಪ್ರಶ್ನೆ ಕೇಳಲು ನಾವು ಪದಗಳ ಜಾಗ ಬದಲಿಸುವುದಿಲ್ಲ, ಅದಕ್ಕೇ ‘ವೇರ್ ಯೂ ಆರ್ ಗೋಯಿಂಗ್’. ‘ಎ’, ‘ದ’ಗಳಿಗೆ ಸಮನಾದದ್ದು ನಮ್ಮಲ್ಲಿಲ್ಲದ್ದರಿಂದ ಅವು ಬಿಟ್ಟೇ ಹೋಗುತ್ತವೆ. ಬರೆದಂತೆ ಓದುವ ಲಿಪಿಗೆ ಒಗ್ಗಿದ ಕಣ್ಣಿಗೆ ‘ಬಟ್’ ಮತ್ತು ‘ಪುಟ್’ಗೆ ಒಂದೇ ‘ಯು’ ಅಕ್ಷರ ಎಂಬುದು ದೊಡ್ಡ ಗೊಂದಲ. ಇದನ್ನು ಬಲ್ಲವರು ಎರಡು ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕ ಬರೆದು ಐದು ನಿಮಿಷದಲ್ಲಿ ವ್ಯತ್ಯಾಸ ತೋರಿಸುತ್ತಾರೆ. ತರಗತಿಯಲ್ಲಿ ಕನ್ನಡ ಬಳಸುವುದು ದೋಷವಲ್ಲ. ಹೀಗೆ ಬಳಸಿದರೆ ಲಾಭ, ಪಾಠವನ್ನೆಲ್ಲ ಅನುವಾದಿಸಲು ಬಳಸಿದರೆ ಮಗು ಇಂಗ್ಲಿಷ್ ಸಾಲನ್ನು ನೋಡುವುದನ್ನೇ ಬಿಡುತ್ತದೆ.

ಬಲ್ಲವರ ಪಿರಿಯಡ್ ಹೀಗಿರುತ್ತದೆ: ಹದಿನೈದು ಸಾಲಿನ ಗದ್ಯಕ್ಕೆ ಮೊದಲು ಐದಾರು ಕಠಿಣ ಪದ, ಒಂದೇ ಒಂದು ಪ್ರಶ್ನೆ, ಮೂರು ನಿಮಿಷ ಮೌನ ಓದು, ಪಕ್ಕದವರೊಂದಿಗೆ ನಾಲ್ಕು ನಿಮಿಷ ಮಾತು, ಕೊನೆಗೆ ಪುಸ್ತಕ ಮುಚ್ಚಿ ಐದು ಸ್ವಂತ ವಾಕ್ಯ. ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಒಂದು ಕೌಶಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ, ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುವುದಿಲ್ಲ, ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ ಎಂದು ತೋರಿಸಿದ್ದರು. ಅವರು ನೋಡಿದ್ದು ವಿಜ್ಞಾನದ ತರಗತಿಗಳನ್ನು. ಇಂಗ್ಲಿಷ್ ಉತ್ತರವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕಾದ ನಮ್ಮ ಮಕ್ಕಳಿಗೆ ಮೂರು ಸೆಕೆಂಡೂ ಸಾಲದು.

ಇನ್ನು ತಿದ್ದುವುದು. ಐವತ್ತು ನೋಟ್‌ಬುಕ್‌ಗಳನ್ನು ದಿನವೂ ನೋಡಲಾಗದು, ದಿನಕ್ಕೆ ಹತ್ತರಂತೆ ವಾರದಲ್ಲಿ ಎಲ್ಲವೂ ಮುಗಿಯುತ್ತವೆ. ಪ್ರತಿ ತಪ್ಪಿಗೂ ಗೆರೆ ಎಳೆದರೆ ಮಗು ಬರೆಯುವುದನ್ನೇ ನಿಲ್ಲಿಸುತ್ತದೆ. ವಾರಕ್ಕೊಂದು ಬಗೆಯ ತಪ್ಪನ್ನು, ಉದಾಹರಣೆಗೆ ‘ಡಿಡ್’ ಆದ ಮೇಲೆ ‘ವೆಂಟ್’ ಬರೆಯುವುದನ್ನು, ಆರಿಸಿ ತಿದ್ದುವುದು ಒಳ್ಳೆಯದು.

ದಯವಿಟ್ಟು ಶಿಕ್ಷಕರನ್ನಷ್ಟೇ ದೂರಬೇಡಿ. ಎಷ್ಟೋ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ಬೇರೆ ವಿಷಯದವರ ಪಾಲಿಗೆ ಬಿದ್ದಿರುತ್ತದೆ. ಇಂಗ್ಲಿಷ್ ಕಲಿಸುವವರ ತರಬೇತಿಗೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಅಲ್ಲಿನ ತರಬೇತಿಯ ಬಗ್ಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ.

ಮನೆಯಲ್ಲಿ ಹೀಗೆ ಪರೀಕ್ಷಿಸಿ. ಮಗಳ ನೋಟ್‌ಬುಕ್ಕನ್ನು ಗೆಳತಿಯದರ ಪಕ್ಕದಲ್ಲಿಡಿ. ಉತ್ತರಗಳೆಲ್ಲ ಅಕ್ಷರಶಃ ಒಂದೇ ಆಗಿದ್ದರೆ ಅವಳು ಸ್ವಂತವಾಗಿ ಬರೆದೇ ಇಲ್ಲ. ಇಂದಿನಿಂದಲೇ ದಿನಕ್ಕೆ ಐದು ವಾಕ್ಯ ಬರೆಸಿ, ತಪ್ಪಿದ್ದರೂ ಇರಲಿ. ವಾರಕ್ಕೊಮ್ಮೆ ಅದನ್ನು ಶಿಕ್ಷಕರಿಗೆ ತೋರಿಸಿ, ಒಂದೇ ಒಂದು ತಪ್ಪನ್ನು ವಿವರಿಸಿಕೊಡಿ ಎಂದು ಅವಳೇ ಕೇಳಲಿ.